ಹೊಟ್ಟೆಯಲ್ಲಿ ಹೇಸರಗತ್ತೆ ಇದ್ದರೆ ಕುದುರೆಯ ಹಾರ್ಮೋನ್ ಯಾಕೆ ಕಡಿಮೆ?

ಪ್ರಶ್ನೆ: ನಾನು ಕೆಲಸದ ಮೇಲೆ ಹರಿಯಾಣದ ಹಿಸಾರ್ ಹತ್ತಿರ ಇದ್ದೇನೆ. ನಮ್ಮ ಪಕ್ಕದ ಮನೆಯವರು ಕುದುರೆ ಸಾಕಿದ್ದಾರೆ. ಹೋದ ವರ್ಷ ಅವರ ಹೆಣ್ಣು ಕುದುರೆಗೆ ಗಂಡು ಕುದುರೆ ಕೊಡಿಸಿದ್ದರು, ಒಳ್ಳೆಯ ಮರಿ ಹಾಕಿತು. ಈ ವರ್ಷ ಹೇಸರಗತ್ತೆ ಬೇಕು ಅಂತ ಗಂಡು ಕತ್ತೆಯಿಂದ ಕ್ರಾಸ್ ಮಾಡಿಸಿದ್ದಾರೆ. ಗಬ್ಬ ನಿಂತಿದೆ. 65 ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿದರೆ ಗಬ್ಬದ ಹಾರ್ಮೋನ್ ಹೋದ ವರ್ಷಕ್ಕಿಂತ ಎಷ್ಟೋ ಪಟ್ಟು ಕಡಿಮೆ ಬಂದಿದೆ. "ಕುದುರೆಗೆ ಶಕ್ತಿ ಸಾಲದು, ಮರಿ ನಿಲ್ಲಲ್ಲ, ತೆಗೆಸಿ ಇನ್ನೊಂದ್ಸಲ ಹಾಕಿಸಿ" ಅಂತ ಯಾರೋ ಹೇಳಿದ್ದಾರಂತೆ. ಅದೇ ಕುದುರೆ, ಅದೇ ಮೇವು, ಅದೇ ಕೊಟ್ಟಿಗೆ. ಹೀಗೆ ಯಾಕಾಯ್ತು? ತೆಗೆಸಬೇಕಾ?

ಉತ್ತರ: ತೆಗೆಸಬೇಡಿ. ಇದನ್ನು ಮೊದಲು ಅವರಿಗೆ ಹೇಳಿ, ಆಮೇಲೆ ಮುಂದೆ ಓದಿ.

ಆ ಸಂಖ್ಯೆ ಕುದುರೆಯ ಶಕ್ತಿಯ ಲೆಕ್ಕ ಅಲ್ಲವೇ ಅಲ್ಲ. ಅದು ಹೊಟ್ಟೆಯಲ್ಲಿರುವ ಮರಿಯ ಲೆಕ್ಕ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಮರಿಗೆ ಅಪ್ಪ ಯಾರು, ಅಮ್ಮ ಯಾರು ಅನ್ನುವುದರ ಲೆಕ್ಕ. ನೀವು "ಅದೇ ಕುದುರೆ" ಅಂತ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಕುದುರೆ ಅದೇ. ಮರಿ ಬೇರೆ.

ವರದಿಯಲ್ಲಿ ಆ ಹಾರ್ಮೋನಿಗೆ ಇಸಿಜಿ ಅಂತ ಬರೆದಿರುತ್ತಾರೆ. ಹೃದಯದ ಇಸಿಜಿಗೂ ಇದಕ್ಕೂ ಸಂಬಂಧ ಇಲ್ಲ. ಗೊಂದಲ ಬೇಡ ಅಂತ ನಾನು ಹಳೆಯ ಹೆಸರನ್ನೇ ಬಳಸುತ್ತೇನೆ, ಪಿಎಂಎಸ್‌ಜಿ. ನಮ್ಮ ಕಡೆಯ ಪಶುವೈದ್ಯರಿಗೂ ಈ ಹೆಸರೇ ಪರಿಚಯ, ಯಾಕೆಂದರೆ ಕುರಿಗೆ, ಆಕಳಿಗೆ ಬೆದೆ ಬರಿಸಲು ಕೊಡುವ ಒಂದು ಇಂಜೆಕ್ಷನ್ನಿನಲ್ಲಿ ಇರುವುದು ಇದೇ. ಗಬ್ಬದ ಕುದುರೆಯ ರಕ್ತದಿಂದ ತೆಗೆದ ಹಾರ್ಮೋನ್ ಅದು.

ಇದನ್ನು ಕಂಡುಹಿಡಿದದ್ದು 1930ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಕೋಲ್ ಮತ್ತು ಹಾರ್ಟ್ ಅನ್ನುವ ಇಬ್ಬರು ಗಬ್ಬದ ಕುದುರೆಯ ರಕ್ತದ ತಿಳಿಯನ್ನು ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣು ಇಲಿಗಳಿಗೆ ಚುಚ್ಚಿದರು. ಇಲಿಗಳ ಅಂಡಾಶಯ ಹೊತ್ತಿಗೆ ಮುಂಚೆಯೇ ಬೆಳೆದುಬಿಟ್ಟಿತು. ರಕ್ತದಲ್ಲಿ ಏನೋ ಇದೆ ಅಂತ ಗೊತ್ತಾಯಿತು. ಎಲ್ಲಿಂದ ಬರುತ್ತದೆ ಅಂತ ಗೊತ್ತಾಗಲಿಲ್ಲ. 1943ರ ಹೊತ್ತಿಗೆ ಅದು ಗರ್ಭಕೋಶದ ಒಳಗೋಡೆಯಲ್ಲಿ ಕಾಣುವ ಸಣ್ಣ ಬಟ್ಟಲಿನಂಥ ಗಂಟುಗಳಿಂದ ಬರುತ್ತದೆ ಅಂತ ತಿಳಿಯಿತು. ತಾಯಿಯ ಗರ್ಭಕೋಶದಲ್ಲಿ ಇರುವ ಗಂಟು, ಹಾಗಾದರೆ ತಾಯಿಯದ್ದೇ ಹಾರ್ಮೋನ್ ಅಂತ ಎಲ್ಲರೂ ಅಂದುಕೊಂಡರು. ಮುಂದೆ ಸುಮಾರು ಮೂವತ್ತು ವರ್ಷ ಹಾಗೇ ಅಂದುಕೊಂಡಿದ್ದರು.

ಆ ಬಟ್ಟಲುಗಳನ್ನು ನಾನು ಕಣ್ಣಾರೆ ನೋಡಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಹೊಟ್ಟೆನೋವಿನಿಂದ ಒಂದು ಕುದುರೆ ಸತ್ತಿತ್ತು, ಎರಡು ತಿಂಗಳ ಗಬ್ಬ. ಮರಣೋತ್ತರ ಪರೀಕ್ಷೆಗೆ ಗರ್ಭಕೋಶ ಬಿಡಿಸಿ ಮೇಜಿನ ಮೇಲೆ ಹರಡಿದಾಗ, ಕೆಂಪು ಮಿಶ್ರಿತ ಗುಲಾಬಿ ಬಣ್ಣದ ಒಳಪದರದ ಮೇಲೆ ತಿಳಿ ಹಳದಿ ಬಣ್ಣದ ಗಂಟುಗಳು ಕಂಡವು. ಒಂದರ ಪಕ್ಕ ಒಂದು, ಲಾಳದ ಆಕಾರದಲ್ಲಿ. ಕೆಲವು ಹುಣಸೆಬೀಜದಷ್ಟು, ಕೆಲವು ಹೆಬ್ಬೆರಳಿನಷ್ಟು ಉದ್ದ. ಅಂಚು ಎತ್ತರ, ನಡುವೆ ತಗ್ಗು. ತಗ್ಗಿನಲ್ಲಿ ಜೇನಿನ ಹಾಗೆ ಅಂಟಂಟು ದ್ರವ. ಬೆರಳಿಗೆ ಹತ್ತಿಸಿದರೆ ಎಳೆ ಬರುತ್ತಿತ್ತು. ಹುಣ್ಣು ಅಂತಲೇ ಅಂದುಕೊಂಡೆ. ಜೊತೆಗಿದ್ದ ಹಿರಿಯ ಡಾಕ್ಟರು, "ಅದು ಹುಣ್ಣಲ್ಲಪ್ಪಾ, ಮರಿ ಬೇರು ಬಿಟ್ಟಿರೋ ಜಾಗ" ಅಂದರು. ಆ ಮಾತು ಇವತ್ತಿಗೂ ಮರೆತಿಲ್ಲ, ಯಾಕೆಂದರೆ ಅದು ಅಕ್ಷರಶಃ ನಿಜ.

ಬೇರು ಬಿಡುವುದು ಹೀಗೆ. ಸುಮಾರು 25ನೇ ದಿನದಿಂದ ಮರಿಯನ್ನು ಸುತ್ತಿರುವ ಚೀಲದ ಹೊರಗೆ, ಮಗುವಿನ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ, ಸುತ್ತಲೂ ಒಂದು ಪಟ್ಟಿ ಬೆಳೆಯುತ್ತದೆ. ಈ ಪಟ್ಟಿಯ ಜೀವಕೋಶಗಳು 36ರಿಂದ 38ನೇ ದಿನದ ಹೊತ್ತಿಗೆ ಚೀಲವನ್ನು ಬಿಟ್ಟು ತಾಯಿಯ ಗರ್ಭಕೋಶದ ಗೋಡೆಯನ್ನು ಕೊರೆದು ಒಳಗೆ ಹೋಗಿ ಕೂರುತ್ತವೆ. ಒಳಗೆ ಹೋದ ಮೇಲೆ ಅವು ದಪ್ಪಗಾಗಿ, ಗುಂಪು ಕಟ್ಟಿಕೊಂಡು, ಬಟ್ಟಲಿನ ಆಕಾರ ತಾಳುತ್ತವೆ. ಅಲ್ಲಿಂದ ಪಿಎಂಎಸ್‌ಜಿ ಸುರಿಸಲು ಶುರು. 40ನೇ ದಿನದ ಆಸುಪಾಸಿನಲ್ಲಿ ರಕ್ತದಲ್ಲಿ ಸಿಗುತ್ತದೆ, 55ರಿಂದ 80ನೇ ದಿನದ ನಡುವೆ ತುತ್ತತುದಿ ಮುಟ್ಟುತ್ತದೆ, ಆಮೇಲೆ ಬಟ್ಟಲುಗಳು ಸಾಯುತ್ತಾ ಬಂದು 120ರಿಂದ 150 ದಿನದೊಳಗೆ ಮುಗಿಯುತ್ತದೆ.

ಹಾರ್ಮೋನ್ ಮಾಡುವುದು ಮರಿಯ ಜೀವಕೋಶಗಳೇ ಅಂತ ಖಚಿತವಾದದ್ದು 1972ರಲ್ಲಿ. ಕೇಂಬ್ರಿಡ್ಜಿನಲ್ಲಿ ಅಲೆನ್ ಮತ್ತು ಮೂರ್ ಆ ಉಡಿದಾರದ ಪಟ್ಟಿಯನ್ನು ಮರಿಯ ಚೀಲದಿಂದ ಬಿಡಿಸಿ, ತಾಯಿಯ ದೇಹದ ಸಂಪರ್ಕವೇ ಇಲ್ಲದ ಹಾಗೆ ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ಪಾತ್ರೆಯಲ್ಲೂ ಅದು ಪಿಎಂಎಸ್‌ಜಿ ಮಾಡಿತು. ಅಲ್ಲಿಗೆ ವಾದ ಮುಗಿಯಿತು. ತಾಯಿಯ ರಕ್ತದಲ್ಲಿ ಓಡಾಡುವ, ತಾಯಿಯ ಅಂಡಾಶಯಕ್ಕೆ ಆಜ್ಞೆ ಕೊಡುವ ಹಾರ್ಮೋನನ್ನು ತಾಯಿ ಮಾಡುವುದಿಲ್ಲ. ಮಾಡುವುದು ಇನ್ನೂ ಅಂಗೈಯಷ್ಟೂ ಇಲ್ಲದ ಮರಿ!

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಮರಿ ಮಾಡುವುದಾದರೆ, ಎಷ್ಟು ಮಾಡಬೇಕು ಅನ್ನುವುದು ಮರಿಯ ವಂಶವಾಹಿಯಲ್ಲಿ ಇರಬೇಕು ಅಲ್ವಾ? ಹೌದು. ಇದನ್ನು 1962ರಲ್ಲೇ ಕ್ಲೆಗ್, ಕೋಲ್ ಮತ್ತು ಜೊತೆಗಾರರು ಬರೆದಿದ್ದರು, ಆಮೇಲೆ ಅಲೆನ್ ಅವರು ಕುದುರೆ ಮತ್ತು ಕತ್ತೆಗಳನ್ನು ಅದಲುಬದಲು ಮಾಡಿ ಕ್ರಾಸ್ ಮಾಡಿಸಿ ಇನ್ನೂ ಬಿಡಿಸಿ ತೋರಿಸಿದರು. ಕುದುರೆಯ ಹೊಟ್ಟೆಯಲ್ಲಿ ಕುದುರೆ ಮರಿ ಇದ್ದರೆ ಪಿಎಂಎಸ್‌ಜಿ ಜಾಸ್ತಿ. ಕತ್ತೆಯ ಹೊಟ್ಟೆಯಲ್ಲಿ ಕತ್ತೆ ಮರಿ ಇದ್ದರೆ ಅದಕ್ಕಿಂತ ಕಡಿಮೆ. ಕುದುರೆಯ ಹೊಟ್ಟೆಯಲ್ಲಿ ಹೇಸರಗತ್ತೆ, ಅಂದರೆ ಅಪ್ಪ ಕತ್ತೆ, ಇದ್ದರೆ ತುಂಬಾ ಕಡಿಮೆ. ಇನ್ನು ಹೆಣ್ಣು ಕತ್ತೆಗೆ ಗಂಡು ಕುದುರೆ ಕೊಡಿಸಿ ಹಿನ್ನಿ ಮರಿ ನಿಂತಿತು ಅಂತಿಟ್ಟುಕೊಳ್ಳಿ, ಆ ಸಣ್ಣ ಕತ್ತೆಯ ರಕ್ತದಲ್ಲಿ ಪಿಎಂಎಸ್‌ಜಿ ಮಾಮೂಲಿ ಕತ್ತೆ ಗಬ್ಬದಲ್ಲಿ ಎಂದೂ ಕಾಣದಷ್ಟು ಏರುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಹೇಸರಗತ್ತೆಗೂ ಹಿನ್ನಿಗೂ ವಂಶವಾಹಿಯ ಸರಕು ಹೆಚ್ಚುಕಡಿಮೆ ಒಂದೇ. ಕುದುರೆಗೆ 64 ಕ್ರೋಮೋಸೋಮ್, ಕತ್ತೆಗೆ 62, ಇವೆರಡಕ್ಕೂ 63. ಅರ್ಧ ಕುದುರೆ, ಅರ್ಧ ಕತ್ತೆ. ಆದರೂ ಒಂದರ ತಾಯಿಯಲ್ಲಿ ಹಾರ್ಮೋನ್ ಪಾತಾಳಕ್ಕೆ, ಇನ್ನೊಂದರ ತಾಯಿಯಲ್ಲಿ ಆಕಾಶಕ್ಕೆ. ಹಾಗಾದರೆ ಯಾವ ವಂಶವಾಹಿ ಇದೆ ಅನ್ನುವುದಷ್ಟೇ ಸಾಲದು, ಅದು ಅಪ್ಪನ ಕಡೆಯಿಂದ ಬಂದಿದ್ದೋ ಅಮ್ಮನ ಕಡೆಯಿಂದ ಬಂದಿದ್ದೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಕೆಲವು ವಂಶವಾಹಿಗಳ ಮೇಲೆ ಅಪ್ಪನ ಅಥವಾ ಅಮ್ಮನ ಮುದ್ರೆ ಬಿದ್ದಿರುತ್ತದೆ. ಮುದ್ರೆ ಬಿದ್ದ ಪ್ರತಿ ಮಲಗುತ್ತದೆ, ಇನ್ನೊಂದು ಪ್ರತಿ ಮಾತ್ರ ಕೆಲಸ ಮಾಡುತ್ತದೆ. ಮಾಸು ಬೆಳೆಯುವ ಜಾಗದಲ್ಲಿ ಅಪ್ಪನ ಪ್ರತಿಗಳದ್ದೇ ಕಾರುಬಾರು ಜಾಸ್ತಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆಂಟ್ಜಾಕ್ ಮತ್ತು ಕ್ಲಾರ್ಕ್ ಅವರ ತಂಡ ಹೇಸರಗತ್ತೆ ಮತ್ತು ಹಿನ್ನಿ ಮರಿಗಳ ಇದೇ ಪಟ್ಟಿಯ ಅಂಗಾಂಶ ತೆಗೆದು, ಯಾವ ಪ್ರತಿ ಎಚ್ಚರವಾಗಿದೆ, ಯಾವುದು ಮಲಗಿದೆ ಅಂತ ಒಂದೊಂದೇ ನೋಡಿ 2013ರಲ್ಲಿ ಪ್ರಕಟಿಸಿತು. ಮುದ್ರೆ ಬಿದ್ದ ವಂಶವಾಹಿಗಳಲ್ಲಿ ಅಪ್ಪನ ಪ್ರತಿ ಕೆಲಸ ಮಾಡುವಂಥವೇ ಹೆಚ್ಚು ಸಿಕ್ಕವು.

ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಒಂದು ಹಗ್ಗಜಗ್ಗಾಟದ್ದು. ಅಪ್ಪನ ಕಡೆಯ ವಂಶವಾಹಿಗೆ ಈ ಒಂದು ಮರಿ ಹೇಗಾದರೂ ಬೇರು ಬಿಟ್ಟು ಚೆನ್ನಾಗಿ ಬೆಳೆದರೆ ಸಾಕು. ಮುಂದಿನ ಮರಿ ಬೇರೆ ಗಂಡಿನದ್ದಾಗಿರಬಹುದು. ಅಮ್ಮನ ಕಡೆಯ ವಂಶವಾಹಿಗೆ ಮುಂದಿನ ಮರಿಗೂ ತಾಯಿಯ ಮೈಯಲ್ಲಿ ಕಸುವು ಉಳಿಯಬೇಕು, ಹಾಗಾಗಿ ಅದು ಹಿಡಿದಿಡುತ್ತದೆ. ಕುದುರೆಗಳಲ್ಲಿ ಎರಡೂ ಕಡೆ ಗಟ್ಟಿಯಾಗಿ ಎಳೆದು ಸಮ ಆಗಿದೆ. ಕತ್ತೆಗಳಲ್ಲಿ ಎರಡೂ ಕಡೆ ಮೆತ್ತಗೆ ಎಳೆದು ಸಮ. ಈಗ ಹೇಸರಗತ್ತೆಯಲ್ಲಿ ನೋಡಿ, ಕತ್ತೆ ಅಪ್ಪ ಮೆತ್ತಗೆ ಎಳೆಯುತ್ತಾನೆ, ಕುದುರೆ ಅಮ್ಮ ಗಟ್ಟಿಯಾಗಿ ಹಿಡಿದಿಡುತ್ತಾಳೆ. ಉಡಿದಾರದ ಪಟ್ಟಿ ಸಣ್ಣದಾಗಿ ಬೆಳೆಯುತ್ತದೆ, ಕೊರೆದು ಹೋಗುವ ಜೀವಕೋಶ ಕಡಿಮೆ, ಬಟ್ಟಲು ಸಣ್ಣವು. ಹಿನ್ನಿಯಲ್ಲಿ ಇದರ ತದ್ವಿರುದ್ಧ, ಪಟ್ಟಿ ಅಗಲ, ಬಟ್ಟಲು ದೊಡ್ಡವು.

ಇದರ ಮೇಲೆ ಇನ್ನೊಂದು ಪೆಟ್ಟು ತಾಯಿಯ ರೋಗನಿರೋಧಕ ಶಕ್ತಿಯದ್ದು. ಆ ಬಟ್ಟಲುಗಳು ತಾಯಿಗೆ ಹೊರಗಿನವು, ಅರ್ಧ ಅಪ್ಪನ ಗುರುತು ಹೊತ್ತುಕೊಂಡು ತಾಯಿಯ ಗೋಡೆಯ ಒಳಗೇ ಕೂತಿರುತ್ತವೆ. ಮಾಮೂಲಿ ಗಬ್ಬದಲ್ಲೂ ತಾಯಿಯ ಬಿಳಿ ರಕ್ತಕಣಗಳು ಬಟ್ಟಲಿನ ಸುತ್ತ ಗುಂಪು ಕಟ್ಟುತ್ತವೆ, ಆದರೆ ಬಹಳ ದಿನ ದೂರ ನಿಂತಿರುತ್ತವೆ. ಹೊಟ್ಟೆಯಲ್ಲಿ ಹೇಸರಗತ್ತೆ ಇದ್ದಾಗ ಅಪ್ಪ ಬೇರೆ ಜಾತಿಯ ಪ್ರಾಣಿ, ಗುರುತು ಇನ್ನೂ ಪರಕೀಯ. ಬಿಳಿ ಕಣಗಳು ಬೇಗ ಬರುತ್ತವೆ, ದಟ್ಟವಾಗಿ ಬರುತ್ತವೆ, ಬಟ್ಟಲುಗಳನ್ನು ಬೇಗ ಕೊಲ್ಲುತ್ತವೆ. ಕುದುರೆ ಮರಿಯ ಹಾರ್ಮೋನ್ ಏರಿ ನಿಂತಿರುವ ದಿನಗಳಲ್ಲೇ ಹೇಸರಗತ್ತೆಯದ್ದು ಇಳಿಯಲು ಶುರು ಆಗಿರುತ್ತದೆ. ನಿಮ್ಮ ಪಕ್ಕದ ಮನೆಯವರು ರಕ್ತ ತೆಗೆಸಿದ್ದು 65ನೇ ದಿನ. ಎರಡು ವರ್ಷದ ಎರಡು ವರದಿಯನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಭಾರೀ ಕಾಣುವ ದಿನವೇ ಅದು.

"ಹಾರ್ಮೋನ್ ಅಷ್ಟು ಕಡಿಮೆ ಇದ್ದರೆ ಗಬ್ಬ ಹೇಗೆ ನಿಲ್ಲುತ್ತೆ?" ಅಂತ ನೀವು ಕೇಳಬಹುದು. ಪಿಎಂಎಸ್‌ಜಿಯ ಕೆಲಸ ತಾಯಿಯ ಅಂಡಾಶಯವನ್ನು ಚುರುಕು ಮಾಡಿ ಪ್ರೊಜೆಸ್ಟರಾನ್ ಜಾಸ್ತಿ ಮಾಡಿಸುವುದು. ಗಬ್ಬವನ್ನು ಹಿಡಿದು ನಿಲ್ಲಿಸುವುದು ಪ್ರೊಜೆಸ್ಟರಾನ್. ಅದಕ್ಕೆ ಪಿಎಂಎಸ್‌ಜಿ ಆ ಪರಿ ಬೇಕಾಗಿಲ್ಲ, ಹೇಸರಗತ್ತೆ ಹೊತ್ತ ಕುದುರೆಯಲ್ಲಿ ಇರುವಷ್ಟು ಸಾಕಾಗುತ್ತದೆ. ಮೂರು ತಿಂಗಳು ಕಳೆಯುವ ಹೊತ್ತಿಗೆ ಮಾಸೇ ಆ ಕೆಲಸ ವಹಿಸಿಕೊಳ್ಳಲು ಶುರು ಮಾಡುತ್ತದೆ. ಮನುಷ್ಯ ಸಾವಿರಾರು ವರ್ಷದಿಂದ ಹೇಸರಗತ್ತೆ ಹುಟ್ಟಿಸುತ್ತಿದ್ದಾನೆ. ಗುಡ್ಡಗಾಡಿನಲ್ಲಿ ಸೇನೆಯ ಸಾಮಾನು ಹೊತ್ತ ಹೇಸರಗತ್ತೆಗಳೆಲ್ಲ ಇಂಥ ಕಡಿಮೆ ಹಾರ್ಮೋನಿನ ಗಬ್ಬದಿಂದಲೇ ಹುಟ್ಟಿದವು.

ನಿಜವಾಗಿ ತೊಂದರೆ ಆಗುವ ಗಬ್ಬ ಬೇರೆ ಇದೆ. ಅಪ್ಪ ಅಮ್ಮ ಇಬ್ಬರೂ ಕತ್ತೆ ಆಗಿರುವ ಭ್ರೂಣವನ್ನು ತೆಗೆದು ಕುದುರೆಯ ಗರ್ಭಕೋಶದಲ್ಲಿ ಇಟ್ಟ ಪ್ರಯೋಗ ಅದು, ಅಲೆನ್ ಅವರದ್ದೇ. ಅಲ್ಲಿ ಪಟ್ಟಿ ಗೋಡೆಯೊಳಗೆ ಹೋಗಲೇ ಇಲ್ಲ. ಬಟ್ಟಲೇ ಇಲ್ಲ, ಪಿಎಂಎಸ್‌ಜಿಯೂ ಇಲ್ಲ. ಮಾಸು ಗೋಡೆಗೆ ಸರಿಯಾಗಿ ಅಂಟಲಿಲ್ಲ, ಹೆಚ್ಚಿನ ಕುದುರೆಗಳು 80ರಿಂದ 100 ದಿನದ ನಡುವೆ ಕಂದು ಹಾಕಿದವು. ಅಂಥ ಗಬ್ಬ ಕೊಟ್ಟಿಗೆಯಲ್ಲಿ ತಾನಾಗಿ ಆಗುವುದಿಲ್ಲ. ನಿಮ್ಮದು ಅದಲ್ಲ.

ಈಗ ತೆಗೆಸುವ ಮಾತು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ಇಂಥ ಸಲಹೆಯಿಂದ ಒಳ್ಳೆಯ ಮರಿ ಕಳೆದುಕೊಂಡವರನ್ನು ನೋಡಿ ಹೊಟ್ಟೆ ಉರಿದಿದೆ. 38 ದಿನ ದಾಟಿದ ಮೇಲೆ ಮರಿಯನ್ನು ತೆಗೆಸಿದರೂ ಬಟ್ಟಲುಗಳು ಗೋಡೆಯೊಳಗೇ ಉಳಿಯುತ್ತವೆ. ಮರಿ ಇಲ್ಲ, ಮರಿಯ ಬೇರು ಇದೆ, ಹಾರ್ಮೋನ್ ಸುರಿಯುತ್ತಲೇ ಇರುತ್ತದೆ. ಅವು ಸಾಯುವ ತನಕ ಕುದುರೆ ಸರಿಯಾಗಿ ಬೆದೆಗೆ ಬರುವುದಿಲ್ಲ. ಬಂದ ಹಾಗೆ ಕಂಡರೂ ಗಬ್ಬ ನಿಲ್ಲುವುದು ಕಷ್ಟ. ಹೇಸರಗತ್ತೆಯ ಬಟ್ಟಲು ಬೇಗ ಸಾಯುತ್ತವೆ ಅಂತಿಟ್ಟುಕೊಂಡರೂ ಅಷ್ಟು ಹೊತ್ತಿಗೆ ಬೆದೆಯ ಹಂಗಾಮು ಮುಗಿಯುತ್ತಾ ಬಂದಿರುತ್ತದೆ. ಕೈಯಲ್ಲಿದ್ದ ಮರಿಯೂ ಹೋಯಿತು, ವರ್ಷವೂ ಹೋಯಿತು.

ಇದೇ ಕಾರಣಕ್ಕೆ ಪಿಎಂಎಸ್‌ಜಿ ಒಂದನ್ನೇ ನಂಬಿ ಯಾವ ತೀರ್ಮಾನವನ್ನೂ ಮಾಡಬಾರದು. ಸತ್ತ ಮರಿಯ ಬಟ್ಟಲೂ "ಗಬ್ಬ ಇದೆ" ಅಂತ ಹೇಳುತ್ತದೆ. ಬದುಕಿರುವ ಹೇಸರಗತ್ತೆಯ ಬಟ್ಟಲು ಕೆಲವು ಸಲ "ಗಬ್ಬ ಇಲ್ಲ" ಅಂತ ಹೇಳುತ್ತದೆ. ಹಿಸಾರ್‌ನಲ್ಲೇ ಇರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಹಾರ್ಮೋನ್ ಅಳೆದು ಗಬ್ಬ ಹೇಳುವ ಕಿಟ್ ಮಾಡಿದೆ, ಒಳ್ಳೆಯ ಉಪಯೋಗದ ವಸ್ತು. ಆದರೆ ಯಾವ ಕಿಟ್ ಆದರೂ, ಅಪ್ಪ ಕುದುರೆಯೋ ಕತ್ತೆಯೋ ಅಂತ ಹೇಳದೆ ರಕ್ತ ಕೊಟ್ಟರೆ ವರದಿ ಓದುವವರು ದಾರಿ ತಪ್ಪುತ್ತಾರೆ. ಚೀಟಿಯ ಮೇಲೆ ಅಪ್ಪ ಯಾರು, ಕ್ರಾಸ್ ಆದ ತಾರೀಕು ಯಾವುದು, ಎರಡೂ ಬರೆಯಿಸಿ.

ಮರಿ ಬದುಕಿದೆಯಾ ಅಂತ ನೋಡಲು ಸ್ಕ್ಯಾನ್ ಮಾಡಿಸಿ. ಹೃದಯ ಬಡಿಯುವುದು ಪರದೆಯ ಮೇಲೆ ಕಣ್ಣಿಗೇ ಕಾಣುತ್ತದೆ. 100 ದಿನ ದಾಟಿದ ಮೇಲೆ ಇನ್ನೊಂದು ದಾರಿ ಇದೆ, ರಕ್ತದಲ್ಲಿ ಈಸ್ಟ್ರೋನ್ ಸಲ್ಫೇಟ್ ಅನ್ನುವ ಒಂದು ಬಗೆಯ ಈಸ್ಟ್ರೋಜನ್ ಹಾರ್ಮೋನ್ ನೋಡುವುದು. ಇದೂ ಮರಿಯದ್ದೇ ಕೈವಾಡ, ಆದರೆ ಬೇರೆ ಜಾಗದಿಂದ. ಹೊಟ್ಟೆಯಲ್ಲಿರುವ ಮರಿಯ ಲೈಂಗಿಕ ಗ್ರಂಥಿಗಳು, ಮರಿ ಗಂಡಾಗಲಿ ಹೆಣ್ಣಾಗಲಿ, ಏಳೆಂಟು ತಿಂಗಳ ಹೊತ್ತಿಗೆ ತಾಯಿಯ ಅಂಡಾಶಯಕ್ಕಿಂತ ದೊಡ್ಡದಾಗಿ ಊದಿಕೊಳ್ಳುತ್ತವೆ, ಹುಟ್ಟುವ ಹೊತ್ತಿಗೆ ಮತ್ತೆ ಕುಗ್ಗುತ್ತವೆ. ಅವು ಕಚ್ಚಾ ಸರಕು ಕೊಡುತ್ತವೆ, ಮಾಸು ಅದನ್ನು ಈಸ್ಟ್ರೋಜನ್ ಮಾಡುತ್ತದೆ. ಪಾಶೆನ್ ಮತ್ತು ಅಲೆನ್ 1979ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊಟ್ಟೆಯಲ್ಲಿರುವಾಗಲೇ ಮರಿಯ ಆ ಗ್ರಂಥಿಗಳನ್ನು ತೆಗೆದರೆ ತಾಯಿಯ ರಕ್ತದ ಈಸ್ಟ್ರೋಜನ್ ಧೊಪ್ಪನೆ ಬಿತ್ತು. ಮರಿ ಸತ್ತರೂ ಬೀಳುತ್ತದೆ. ಹಾಗಾಗಿ ಬದುಕಿದೆಯಾ ಅನ್ನುವ ಪ್ರಶ್ನೆಗೆ ಇದು ಪಿಎಂಎಸ್‌ಜಿಗಿಂತ ನಂಬಿಕೆಯ ಉತ್ತರ ಕೊಡುತ್ತದೆ. ಇಲ್ಲಿಯೂ ಹೋದ ವರ್ಷದ ಕುದುರೆ ಮರಿಯ ಸಂಖ್ಯೆಗೆ ಹೋಲಿಸಬೇಡಿ.

ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಸಂಖ್ಯೆ ಏರಿಸುವ ಯೋಚನೆ ಯಾರಾದರೂ ತಂದರೆ ಬೇಡ ಅನ್ನಿ. ಸುಮ್ನೆ ದುಡ್ಡು ದಂಡ.

ನೀವು ಕೇಳದೇ ಇದ್ದ ಒಂದು ವಿಷಯ ಹೇಳಿಬಿಡುತ್ತೇನೆ. ಹೇಸರಗತ್ತೆ ಗಬ್ಬದಲ್ಲಿ ಹೆದರಬೇಕಾದದ್ದು 65ನೇ ದಿನದ ಹಾರ್ಮೋನಿಗೆ ಅಲ್ಲ, ಹುಟ್ಟಿದ ದಿನದ ಗಿಣ್ಣುಹಾಲಿಗೆ. ಇದೂ ಅಪ್ಪನ ವಂಶವಾಹಿಯ ಕತೆಯೇ. ಕತ್ತೆಯ ಕೆಂಪು ರಕ್ತಕಣದ ಮೇಲೆ ಕುದುರೆಗಳಲ್ಲಿ ಇಲ್ಲದ ಒಂದು ಗುರುತು ಇರುತ್ತದೆ, ಅದು ಎಲ್ಲಾ ಹೇಸರಗತ್ತೆ ಮರಿಗಳಿಗೂ ಬರುತ್ತದೆ. ತಾಯಿಯ ಮೈ ಒಮ್ಮೆ ಆ ಗುರುತನ್ನು ಕಂಡುಬಿಟ್ಟರೆ ಅದರ ವಿರುದ್ಧ ಪ್ರತಿಕಾಯ ಮಾಡಿಟ್ಟುಕೊಳ್ಳುತ್ತದೆ. ಹೊಟ್ಟೆಯಲ್ಲಿರುವಾಗ ಮಾಸು ಅದನ್ನು ಮರಿಗೆ ಬಿಡುವುದಿಲ್ಲ. ಆದರೆ ಗಿಣ್ಣಿನಲ್ಲಿ ಅದು ತುಂಬಿರುತ್ತದೆ. ಮರಿ ಕುಡಿದ ಮೇಲೆ ಅದರ ರಕ್ತಕಣಗಳು ಒಡೆಯುತ್ತವೆ. ಹುಟ್ಟಿದಾಗ ಗಟ್ಟಿಮುಟ್ಟಾಗಿ ಎದ್ದು ನಿಂತ ಮರಿ ಒಂದೆರಡು ದಿನದಲ್ಲಿ ಮಂಕಾಗುತ್ತದೆ, ಏದುಸಿರು ಬಿಡುತ್ತದೆ, ಒಸಡು ಬಿಳಿಚಿಕೊಂಡು ಹಳದಿಯಾಗುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಉಳಿಸುವುದು ಕಷ್ಟ.

ನಿಮ್ಮ ಪಕ್ಕದ ಮನೆಯ ಕುದುರೆಗೆ ಇದು ಮೊದಲ ಹೇಸರಗತ್ತೆ ಆಗಿದ್ದರೆ ಅಪಾಯ ಕಡಿಮೆ. ಸಾಮಾನ್ಯವಾಗಿ ಒಂದು ಈತದಲ್ಲಿ ತಾಯಿಯ ಮೈ ಆ ಗುರುತು ಕಲಿಯುತ್ತದೆ, ಪೆಟ್ಟು ಬೀಳುವುದು ಮುಂದಿನ ಮರಿಗೆ. ಆದರೂ ಹಿಂದಿನ ಮಾಲೀಕರ ಕೈಯಲ್ಲಿ ಅದು ಹೇಸರಗತ್ತೆ ಈದಿತ್ತೋ ಏನೋ, ವಿಚಾರಿಸಿ. ಈಯಲು ಎರಡು ವಾರ ಇರುವಾಗ ತಾಯಿಯ ರಕ್ತದ ತಿಳಿಯನ್ನು ಆ ಗಂಡು ಕತ್ತೆಯ ಕೆಂಪು ಕಣದ ಜೊತೆ ಬೆರೆಸಿ ನೋಡುವ ಪರೀಕ್ಷೆ ಮಾಡಿಸಿ. ಕಣ ಗುಂಪು ಕಟ್ಟಿದರೆ ಅಥವಾ ಒಡೆದರೆ, ಮರಿ ಹುಟ್ಟಿದ ಕೂಡಲೇ, ಮೊಲೆಗೆ ಬಾಯಿ ಹಾಕುವ ಮುಂಚೆ, ಬಾಯಿಕುಕ್ಕೆ ಕಟ್ಟಿ. ಎಂದೂ ಹೇಸರಗತ್ತೆ ಹೊರದ ಬೇರೆ ಕುದುರೆಯ ಗಿಣ್ಣುಹಾಲನ್ನು ಮೊದಲೇ ಹೊಂದಿಸಿಟ್ಟುಕೊಂಡು ಬಾಟಲಿಯಲ್ಲಿ ಕುಡಿಸಿ, ಮೊದಲ ಕೆಲವು ಗಂಟೆಗಳಲ್ಲೇ. ತಾಯಿಯ ಗಿಣ್ಣನ್ನು ಗಂಟೆ ಎರಡು ಗಂಟೆಗೊಮ್ಮೆ ಕರೆದು ಚೆಲ್ಲಿ. ಒಂದೂವರೆ ಎರಡು ದಿನ ಹೀಗೆ ಮಾಡಿದರೆ ಮರಿಯ ಕರುಳು ಆ ಪ್ರತಿಕಾಯಗಳನ್ನು ಒಳಗೆ ಬಿಡುವುದನ್ನು ನಿಲ್ಲಿಸಿರುತ್ತದೆ. ಆಗ ಕುಕ್ಕೆ ಬಿಚ್ಚಿ ತಾಯಿಯ ಹತ್ತಿರ ಬಿಡಿ. ಅಷ್ಟೂ ಹೊತ್ತು ಮರಿಯನ್ನು ತಾಯಿಯ ಕಣ್ಣೆದುರಿನಲ್ಲೇ ಇಟ್ಟಿರಿ, ಮೂಸಲು ಬಿಡಿ, ಇಲ್ಲದಿದ್ದರೆ ಆಮೇಲೆ ಹತ್ತಿರ ಸೇರಿಸಿಕೊಳ್ಳಲಿಕ್ಕಿಲ್ಲ.

ಸ್ಕ್ಯಾನ್ ಆದ ಮೇಲೆ ಏನು ಕಂಡಿತು ಅಂತ ಬರೆಯಿರಿ. ಕ್ರಾಸ್ ಆದ ತಾರೀಕೂ ಕಳಿಸಿ, ಈಯುವ ದಿನದ ಅಂದಾಜು ಹೇಳುತ್ತೇನೆ. ಕುದುರೆಯ ಗಬ್ಬ ಸುಮಾರು ಹನ್ನೊಂದು ತಿಂಗಳು, ಕತ್ತೆಯದ್ದು ಹನ್ನೆರಡು, ಹೇಸರಗತ್ತೆಯದ್ದು ಇವೆರಡರ ನಡುವೆ ಬರುತ್ತದೆ. ಹೋದ ವರ್ಷದ ಲೆಕ್ಕ ಹಿಡಿದು "ದಿನ ತುಂಬಿತು, ಇನ್ನೂ ಈದಿಲ್ಲ" ಅಂತ ಅವರು ಮತ್ತೆ ಗಾಬರಿ ಆಗುವುದು ಬೇಡ.